ಭಾಲ್ಕಿ ತಾಲೂಕಿನ ನಮ್ಮೂರ ಗ್ರಂಥಾಲಯ: 21 ವರ್ಷ ಓದಿದವಳ ಅನುಭವ

ನಾನು ಈ ಊರಿಗೆ ಸೊಸೆಯಾಗಿ ಬಂದದ್ದು 2003ರಲ್ಲಿ. ಮರುವರ್ಷದಿಂದಲೇ ಇಲ್ಲಿನ ಗ್ರಂಥಾಲಯದ ಪುಸ್ತಕ ಓದುತ್ತಿದ್ದೇನೆ, ಆದರೆ ಮೊದಲ ಒಂಬತ್ತು ವರ್ಷ ಅದರ ಹೊಸ್ತಿಲು ತುಳಿದಿರಲಿಲ್ಲ. ಒಳಗೆ ಗಂಡಸರು ಪೇಪರ್ ಹರವಿಕೊಂಡು ಕೂತಿರುತ್ತಿದ್ದರು. ಅದು ಹೆಣ್ಣುಮಕ್ಕಳು ಹೋಗುವ ಜಾಗ ಅಂತ ಯಾರಿಗೂ ಅನ್ನಿಸಿರಲಿಲ್ಲ, ನನಗೂ. ಮಾವನವರೇ ತಮ್ಮ ಹೆಸರಿನಲ್ಲಿ ಪುಸ್ತಕ ತಂದು ರೊಟ್ಟಿ ಬುಟ್ಟಿಯ ಪಕ್ಕ ಇಟ್ಟು ಹೋಗುತ್ತಿದ್ದರು.

ಅವರು ಸಾಲಿ ಕಲಿತದ್ದು ನಿಜಾಮರ ಕಾಲದಲ್ಲಿ, ಉರ್ದುವಿನಲ್ಲಿ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದಾಗ ನಾಲ್ಕನೇ ಇಯತ್ತೆ. ಅಲ್ಲಿಗೇ ಸಾಲಿ ಬಿಟ್ಟು ಹೊಲಕ್ಕೆ ಇಳಿದರು. 1956ರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಬಾಯಲ್ಲಿ ಕನ್ನಡವಿತ್ತು, ಕೈಯಲ್ಲಿ ಕನ್ನಡದ ಅಕ್ಷರವಿರಲಿಲ್ಲ. ಊರಿಗೆ ಗ್ರಂಥಾಲಯ ಬಂದಾಗ ಅವರಿಗೆ ಐವತ್ತು ದಾಟಿತ್ತು. ದಿನಾ ಆ ಬೆಂಚಿನ ಮೇಲೆ ಕೂತು, ದೊಡ್ಡ ಅಕ್ಷರದ ತಲೆಬರಹಗಳಿಂದ ಸುರುಮಾಡಿ ಓದು ಕಲಿತರು. “ನನಗ ಕನ್ನಡ ಕಲಿಸಿದ್ದು ಸಾಲಿ ಅಲ್ಲವ್ವಾ, ಪೇಪರು” ಎನ್ನುತ್ತಿದ್ದರು.

ಇಲ್ಲಿನ ಹಳೆಯ ಪುಸ್ತಕಗಳ ಮೊದಲ ಪುಟ ತೆಗೆದು ನೋಡಿ, ಅಲ್ಲಿ ಒತ್ತಿದ ಶಿಕ್ಕಾದಿಂದಲೇ ಅದರ ಕಾಲ ಗೊತ್ತಾಗುತ್ತದೆ. ಎಲ್ಲಕ್ಕಿಂತ ಹಳೆಯವುಗಳ ಮೇಲೆ ಮಂಡಲ ಪಂಚಾಯಿತಿ. 1993ರ ಪಂಚಾಯತ್ ರಾಜ್ ಕಾಯ್ದೆಯ ನಂತರ ಬಂದವುಗಳ ಮೇಲೆ ಗ್ರಾಮ ಪಂಚಾಯಿತಿ. ಈಚಿನವುಗಳ ಮೇಲೆ ಅರಿವು ಕೇಂದ್ರ, ಅಂದರೆ ಹಳ್ಳಿಯ ಗ್ರಂಥಾಲಯದ ಈಗಿನ ಹೆಸರು. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ನಮ್ಮಲ್ಲಿ ನಿಜವಾದ ಬದಲಾವಣೆ ಕಂಡದ್ದು ಅಲ್ಲಿಂದಲೇ: ಸೋರುವ ಮಾಳಿಗೆ ದುರಸ್ತಿಯಾಯಿತು, ಗೋಡೆಗೆ ಬಣ್ಣ ಬಂತು, ಮಕ್ಕಳ ಎತ್ತರಕ್ಕೆ ಕಪಾಟು ಬಂದವು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಸುರುವಾಗಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಸಿಕ್ಕಿತು. ಕೊರೊನಾ ಕಾಲಕ್ಕೆ ಸಾಲಿ ಮುಚ್ಚಿದ್ದಾಗ ನನ್ನ ಮಗಳ ಓದು ಬಿಟ್ಟುಹೋಗದಂತೆ ಹಿಡಿದಿಟ್ಟದ್ದು ಇದೇ.

ನಾನು ಮೊದಲ ಸಲ ಒಳಗೆ ಕಾಲಿಟ್ಟದ್ದು 2013ರಲ್ಲಿ, ಮಾವನವರ ಕಣ್ಣಿಗೆ ಪೊರೆ ಬಂದು ಅವರು ಪುಸ್ತಕ ಮರಳಿಸಲಾಗದೆ ಹೋದಾಗ. ಬೆಂಚಿನಲ್ಲಿದ್ದವರು ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಪೇಪರಿಗೆ ಮರಳಿದರು, ಅಷ್ಟೇ. ಒಂಬತ್ತು ವರ್ಷ ನಾನು ಅಂಜಿದ್ದು ಇಷ್ಟಕ್ಕಾ ಅಂತ ಆ ದಿನ ಬಹಳ ಕೆಡುಕೆನಿಸಿತು. ಈಗ ಓಣಿಯ ಆರೇಳು ಹೆಣ್ಣುಮಕ್ಕಳು ನನ್ನ ಜೊತೆ ಬರುತ್ತಾರೆ.

ಕೊರತೆಗಳನ್ನೂ ಹೇಳಲೇಬೇಕು. ಎರಡು ವರ್ಷದ ಹಿಂದೆ ನಮ್ಮ ತೊಗರಿಗೆ ಗೊಡ್ಡು ರೋಗ ಬಿತ್ತು. ಗಿಡ ಹಸಿರಾಗೇ ಇರುತ್ತದೆ, ಹೂವಿಲ್ಲ, ಕಾಯಿಲ್ಲ. ಕೃಷಿಯ ಕಪಾಟು ಪೂರಾ ಹುಡುಕಿದೆ. ಅಡಿಕೆ ಇತ್ತು, ಕಾಫಿ ಇತ್ತು, ತೊಗರಿಯ ಒಂದು ಪುಸ್ತಕವೂ ಇರಲಿಲ್ಲ. ತೊಗರಿ ನಾಡಿನ ಗ್ರಂಥಾಲಯಕ್ಕೆ ಇದು ಸಣ್ಣ ಕೊರತೆಯಲ್ಲ. ಗಡಿ ಊರಾದ್ದರಿಂದ ಮನೆಯಲ್ಲಿ ಮರಾಠಿ ಆಡುವವರು, ಉರ್ದು ಓದುವವರು ಇಲ್ಲಿ ಬಹಳ ಇದ್ದಾರೆ, ಅವರಿಗೆ ಒಂದು ಸಾಲು ಪುಸ್ತಕವೂ ಇಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಹಳೆಯವಾಗಿವೆ, ಹುಡುಗರು ಬೀದರಿಗೆ ಹೋಗಿ ಕೊಳ್ಳುತ್ತಾರೆ.

ಸರಕಾರ ಪುಕ್ಕಟೆ ಕೊಟ್ಟದ್ದು, ಏನು ಕೇಳುವುದು ಎನ್ನುವವರಿದ್ದಾರೆ. ಮನೆ ತೆರಿಗೆಯ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲಿರುತ್ತದೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ವಸೂಲಾಗುವ ಹಣ ಅದು. ನಮ್ಮ ಭಾಗಕ್ಕಂತೂ ಅದಕ್ಕೂ ಹತ್ತು ವರ್ಷ ಮೊದಲೇ, 1955ರಲ್ಲಿ, ಹೈದರಾಬಾದ್ ರಾಜ್ಯದ ಗ್ರಂಥಾಲಯ ಕಾಯ್ದೆ ಇತ್ತು. ನಾವು ರೊಕ್ಕ ಕೊಡುತ್ತಿದ್ದೇವೆ, ಕೇಳುವ ಹಕ್ಕಿದೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಮೇಲ್ವಿಚಾರಕರು ಒಳ್ಳೆಯವರು, ಬೇಕಾದ ಪುಸ್ತಕದ ಹೆಸರು ಬರೆಯಲು ಒಂದು ವಹಿ ಇಟ್ಟಿದ್ದಾರೆ. ತೊಗರಿ ಬೇಸಾಯದ ಪುಸ್ತಕ ಬೇಕು ಅಂತ ನಾನು ಅದರಲ್ಲಿ ಬರೆದು ಬಂದಿದ್ದೇನೆ. ಸಂಜೆ ಹೊಲದಿಂದ ಬಂದವರಿಗೂ ಸಿಗುವಂತೆ ರಾತ್ರಿ ಎಂಟರವರೆಗೆ ಬಾಗಿಲು ತೆರೆದಿಡಿ ಅಂತಲೂ ಕೆಳಗೆ ಸೇರಿಸಿದೆ. ಓಣಿಯ ಹೆಣ್ಣುಮಕ್ಕಳೆಲ್ಲ ಸಹಿ ಹಾಕಿದ್ದಾರೆ.