ಗಟ್ಟಿಮರದ ಪೆಲೆಟ್ಟೋ ಮೆದುಮರದ್ದೋ: ಎರಡನ್ನೂ ಹಲವು ಚಳಿಗಾಲ ಉರಿಸಿ ನೋಡಿದ ಮೇಲೆ

ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಕಡ್ಡಿಯಂಥ ತುಣುಕುಗಳೇ ಪೆಲೆಟ್. ಅವನ್ನು ಉರಿಸಿ ಕೋಣೆ ಬಿಸಿ ಮಾಡುವ ಪೆಲೆಟ್ ಒಲೆ ಇರುವ ಮನೆಗಳಲ್ಲಿ ಚಳಿ ಶುರುವಾಗುವ ಮೊದಲೇ ಒಂದು ಚರ್ಚೆ ಏಳುತ್ತದೆ. ಈ ಸಲ ಓಕ್, ಬೀಚ್, ಮೇಪಲ್‌ನಂಥ ಗಟ್ಟಿಮರದ ಪೆಲೆಟ್ ತರಿಸೋಣವೋ, ಪೈನ್, ಸ್ಪ್ರೂಸ್, ಫರ್‌ನಂಥ ಮೆದುಮರದ್ದೋ? ಒಂದೇ ಒಲೆಯಲ್ಲಿ ಎರಡನ್ನೂ ಹಲವು ಚಳಿಗಾಲ ಉರಿಸಿದ್ದೇನೆ. ಕೆಲವು ಸಲ ಒಂದೇ ವಾರದೊಳಗೆ ಒಂದರ ಬೆನ್ನಿಗೆ ಇನ್ನೊಂದನ್ನು ಹಾಕಿ ನೋಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಶುದ್ಧವಾಗಿ ತಯಾರಾದ ಮೆದುಮರದ ಪೆಲೆಟ್ ಸಿಗುವುದಾದರೆ ನನ್ನ ಆಯ್ಕೆ ಅದೇ. ಆದರೆ ಶುದ್ಧವಾದ ಗಟ್ಟಿಮರದ ಚೀಲ ಮತ್ತು ತೊಗಟೆ ಬೆರೆತ ಮೆದುಮರದ ಚೀಲ ಎದುರಿಗಿದ್ದರೆ ಯೋಚಿಸದೆ ಗಟ್ಟಿಮರವನ್ನೇ ಎತ್ತಿಕೊಳ್ಳುತ್ತೇನೆ. ಯಾವ ಮರ ಎನ್ನುವುದಕ್ಕಿಂತ ಆ ಮರವನ್ನು ಹೇಗೆ ಪೆಲೆಟ್ ಮಾಡಿದ್ದಾರೆ ಎನ್ನುವುದೇ ಒಲೆಗೆ ಹೆಚ್ಚು ಮುಖ್ಯ.

ಸೌದೆ ಒಲೆಯಿಂದ ಪೆಲೆಟ್ ಒಲೆಗೆ ಬಂದವರಿಗೆ ಇದನ್ನು ನಂಬುವುದು ಕಷ್ಟ. ಸೌದೆಯಲ್ಲಿ ಓಕ್ ಓಕೇ, ಪೈನ್ ಪೈನೇ. ಒಂದೇ ಅಳತೆಯ ಎರಡು ರಾಶಿ ಪೇರಿಸಿಟ್ಟರೆ ಓಕ್ ರಾಶಿಯ ತೂಕ ಬಹಳ ಹೆಚ್ಚು, ಹಾಗಾಗಿ ಕಾವೂ ಹೆಚ್ಚು, ಕೆಂಡವೂ ರಾತ್ರಿಯೆಲ್ಲ ಉಳಿಯುತ್ತದೆ. ಪೆಲೆಟ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಮರ ಯಾವುದೇ ಇರಲಿ, ಅದನ್ನು ಪುಡಿ ಮಾಡಿ, ಶೇ 10ಕ್ಕಿಂತ ಕಡಿಮೆ ತೇವಾಂಶಕ್ಕೆ ಒಣಗಿಸಿ, ಉಕ್ಕಿನ ಅಚ್ಚಿನ ಸಣ್ಣ ತೂತುಗಳ ಮೂಲಕ ಭಾರಿ ಒತ್ತಡದಲ್ಲಿ ತಳ್ಳುತ್ತಾರೆ. ಹೊರಬರುವ ಪೆಲೆಟ್ ನೀರಿಗಿಂತ ಭಾರ. ಪೈನ್‌ನದ್ದಾದರೂ ಲೋಟದ ನೀರಿಗೆ ಹಾಕಿದರೆ ಮುಳುಗುತ್ತದೆ. ಒಳ್ಳೆಯ ಪೆಲೆಟ್ಟನ್ನು ರಾಶಿ ಸುರಿದರೆ ಒಂದು ಘನ ಮೀಟರಿಗೆ 600ರಿಂದ 750 ಕಿಲೋ ತೂಗುತ್ತದೆ, ಎರಡೂ ಜಾತಿಯ ಮರಕ್ಕೆ ಇದೇ ಮಿತಿ. ಓಕ್ ಮರಕ್ಕಿದ್ದ ತೂಕದ ಅನುಕೂಲ ಆ ಅಚ್ಚಿನಲ್ಲೇ ಮುಗಿದುಹೋಗುತ್ತದೆ.

ಆಮೇಲೆ ಉಳಿಯುವುದು ಮರದ ರಾಸಾಯನಿಕ ಗುಣ, ಅಲ್ಲಿ ಮೆದುಮರ ಸ್ವಲ್ಪ ಮುಂದಿದೆ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಮೆದುಮರದಲ್ಲಿ ಹೆಚ್ಚು, ಜೊತೆಗೆ ರಾಳವೂ ಇರುತ್ತದೆ. ಕಿಲೋ ಲಿಗ್ನಿನ್ ಉರಿದರೆ ಸುಮಾರು 25 ಮೆಗಾಜೂಲ್ ಶಾಖ ಬರುತ್ತದೆ, ಸೆಲ್ಯುಲೋಸ್‌ನಿಂದ ಬರುವುದು 17ರ ಆಸುಪಾಸು. ಹೀಗಾಗಿ ಅಷ್ಟೇ ಒಣಗಿದ ಮೆದುಮರದ ಪೆಲೆಟ್ ಕಿಲೋಗೆ ಕೆಲವು ಶೇಕಡಾದಷ್ಟು ಹೆಚ್ಚು ಕಾವು ಕೊಡುತ್ತದೆ. ಚಳಿ ಕಚ್ಚುವ ದಿನ ಒಲೆಯನ್ನು ಮೇಲಿನ ಹಂತಕ್ಕೆ ಏರಿಸಿದಾಗ ಈ ವ್ಯತ್ಯಾಸ ನನಗೆ ಗೊತ್ತಾಗುತ್ತದೆ: ಕೋಣೆ ಬೇಗ ಬಿಸಿಯಾಗುತ್ತದೆ, ಹೊರಬರುವ ಗಾಳಿಯ ಕಾವು ಹೆಚ್ಚಿರುತ್ತದೆ. ಸಾಧಾರಣ ಚಳಿಯಲ್ಲಿ, ಕೆಳಗಿನ ಹಂತದಲ್ಲಿ ಉರಿಸುವಾಗ ಏನೂ ತಿಳಿಯುವುದಿಲ್ಲ. ಇನ್ನೊಂದು ಮಾತು. ತೇವಾಂಶ ಶೇ 5ರಿಂದ ಶೇ 10ಕ್ಕೆ ಏರಿದರೆ ಕೈಗೆ ಸಿಗುವ ಶಾಖ ಸುಮಾರು ಶೇ 6ರಷ್ಟು ಇಳಿಯುತ್ತದೆ. ಮರದ ಜಾತಿ ಕೊಟ್ಟ ಲಾಭವನ್ನು ತೇವ ಹೊಡೆದ ಗೋದಾಮು ಪೂರ್ತಿ ನುಂಗಿಬಿಡಬಹುದು.

ಈ ಹೋಲಿಕೆಯಲ್ಲಿ ಹೆಚ್ಚಿನವರು ಗಮನಿಸದೆ ಬಿಡುವ ವಿಷಯ ಒಂದಿದೆ. ಹಾಪರ್‌ನಿಂದ, ಅಂದರೆ ಪೆಲೆಟ್ ತುಂಬಿಡುವ ಒಲೆಯ ಪೆಟ್ಟಿಗೆಯಿಂದ, ಬೆಂಕಿಗೆ ಪೆಲೆಟ್ ಸಾಗಿಸುವ ಆಗರ್, ಅಂದರೆ ಆ ತಿರುಪಿನ ಕೊಳವೆ, ತೂಕ ನೋಡುವುದಿಲ್ಲ. ಒಂದು ಸುತ್ತಿಗೆ ಇಷ್ಟು ಜಾಗ ತುಂಬುವಷ್ಟು ಪೆಲೆಟ್, ಅದಷ್ಟೇ ಅದಕ್ಕೆ ಗೊತ್ತು. ಪೆಲೆಟ್ ಚಿಕ್ಕದಾಗಿ, ಒತ್ತಾಗಿ ಇದ್ದರೆ ಅದೇ ಸುತ್ತಿಗೆ ಹೆಚ್ಚು ಇಂಧನ ಬೀಳುತ್ತದೆ. ಉದ್ದವಾಗಿದ್ದರೆ ನಡುವೆ ಖಾಲಿ ಜಾಗ ಉಳಿದು ಕಡಿಮೆ ಬೀಳುತ್ತದೆ. ಮಾನಕಗಳ ಪ್ರಕಾರ 6 ಮಿಲಿಮೀಟರ್ ದಪ್ಪದ ಪೆಲೆಟ್ 40 ಮಿಲಿಮೀಟರ್ ಉದ್ದದವರೆಗೂ ಇರಬಹುದು, ಆದ್ದರಿಂದ ಚೀಲದಿಂದ ಚೀಲಕ್ಕೆ ಈ ಅಂತರ ಸಣ್ಣದೇನಲ್ಲ. "ಹೊಸ ಪೆಲೆಟ್ ಎಷ್ಟು ಕಾವು ಕೊಡುತ್ತೆ ನೋಡಿ" ಎಂದು ಹೊಗಳುವವರು ಎಷ್ಟೋ ಸಲ ನೋಡುತ್ತಿರುವುದು ಮರದ ಗುಣವನ್ನಲ್ಲ, ಗಂಟೆಗೆ ಹೆಚ್ಚು ಪೆಲೆಟ್ ಉರಿಯುತ್ತಿರುವುದನ್ನು. ಚೀಲ ಬೇಗ ಖಾಲಿಯಾದಾಗ ಅದು ತಿಳಿಯುತ್ತದೆ.

ಅದಕ್ಕೇ ಹೊಸ ಪೆಲೆಟ್ ಬಂದಾಗ ನಾನು ಮೊದಲು ಮಾಡುವ ಕೆಲಸ ಒಂದು ಲೀಟರ್ ಪಾತ್ರೆಗೆ ಸುರಿದು, ಮೇಲ್ಮಟ್ಟ ಸವರಿ, ತೂಗುವುದು. 600 ಗ್ರಾಮಿಗಿಂತ ಕಡಿಮೆ ಬಂದರೆ ಆ ಚೀಲದ ಬಗ್ಗೆ ಅನುಮಾನ. 620 ತೂಗುವ ಪೆಲೆಟ್‌ನಿಂದ 720 ತೂಗುವ ಪೆಲೆಟ್‌ಗೆ ಬದಲಾಯಿಸಿದರೆ ಗುಂಡಿ ಮುಟ್ಟದೆಯೇ ಒಲೆಗೆ ಆರನೆಯ ಒಂದು ಭಾಗದಷ್ಟು ಹೆಚ್ಚು ಇಂಧನ ಹೋಗುತ್ತದೆ, ಗಾಳಿ ಮಾತ್ರ ಹಳೆಯ ಲೆಕ್ಕದಲ್ಲೇ ಉಳಿಯುತ್ತದೆ. ಆಗ ಜ್ವಾಲೆ ಉದ್ದವಾಗಿ, ಮಂಕು ಕಿತ್ತಳೆ ಬಣ್ಣಕ್ಕೆ ತಿರುಗಿ, ತುದಿಯಲ್ಲಿ ಮಸಿ ಕಾರಲು ಶುರುಮಾಡುತ್ತದೆ. ಗಾಳಿಯ ಕಿಂಡಿಯನ್ನು ಸ್ವಲ್ಪವೇ ತೆರೆದು, ಜ್ವಾಲೆ ಗಿಡ್ಡವಾಗಿ ಹೊಳೆಯುವ ಹಳದಿಗೆ ಬರುವವರೆಗೆ ಕಾಯಬೇಕು. ಪೆಲೆಟ್ ಬದಲಾದಾಗಲೆಲ್ಲ ಈ ಹೊಂದಾಣಿಕೆ ಆಗಲೇಬೇಕು. ಅದನ್ನು ಮಾಡದೆ ಎರಡು ಮರಗಳನ್ನು ಹೋಲಿಸಿ ಬರೆದ ವಿಮರ್ಶೆಗಳಿಗೆ ನಾನು ಬೆಲೆ ಕೊಡುವುದಿಲ್ಲ.

ಹೊಂದಾಣಿಕೆ ಸರಿಯಾದ ಮೇಲೆ ಎರಡರ ಉರಿಯುವ ರೀತಿಯಲ್ಲಿ ನಿಜವಾದ ಬೇಧ ಕಾಣುತ್ತದೆ. ಮೆದುಮರದ್ದು ಬೇಗ ಹೊತ್ತಿಕೊಳ್ಳುತ್ತದೆ, ಜ್ವಾಲೆ ಚುರುಕು, ಅದಕ್ಕೆ ಗಾಳಿ ಸ್ವಲ್ಪ ಹೆಚ್ಚು ಬೇಕು. ಗಟ್ಟಿಮರದ್ದು ಉರಿಬಟ್ಟಲಿನಲ್ಲಿ ಕೆಂಡವಾಗಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ನನ್ನ ಒಲೆಯನ್ನು ತೀರ ಕೆಳಗಿನ ಹಂತದಲ್ಲಿ ಇಟ್ಟಾಗ ಈ ಕೆಂಡ ಉಪಕಾರಿ. ಎರಡು ಸುರಿತದ ನಡುವೆ ಬೆಂಕಿ ಆರುವ ಭಯವಿಲ್ಲ. ಅದೇ ಕೆಂಡ ಮೇಲಿನ ಹಂತದಲ್ಲಿ ತೊಂದರೆ ಕೊಡುತ್ತದೆ. ಹಳೆಯದು ಉರಿದು ಮುಗಿಯುವ ಮೊದಲೇ ಹೊಸದು ಬಿದ್ದು ಬಟ್ಟಲು ತುಂಬುತ್ತದೆ.

ಇನ್ನು ಬೂದಿ. ಪೆಲೆಟ್ ಒಲೆಯ ಜೊತೆಗಿನ ಬದುಕು ಸುಖವೋ ಕಷ್ಟವೋ ಎಂದು ತೀರ್ಮಾನವಾಗುವುದು ಇಲ್ಲೇ. ಯುರೋಪಿನ ಪೆಲೆಟ್ ಗುಣಮಟ್ಟದ ಪ್ರಮಾಣಪತ್ರವಾದ ಇಎನ್‌ಪ್ಲಸ್‌ನ ಎ1 ದರ್ಜೆಯ ಪೆಲೆಟ್‌ನಲ್ಲಿ ಬೂದಿ ಶೇ 0.7 ಮೀರಬಾರದು, ಎ2 ದರ್ಜೆಯಲ್ಲಿ ಶೇ 1.2. ಅಮೆರಿಕದ ಪೆಲೆಟ್ ಫ್ಯುಯೆಲ್ಸ್ ಇನ್‌ಸ್ಟಿಟ್ಯೂಟ್‌ನ ಪ್ರೀಮಿಯಂ ದರ್ಜೆಗೆ ಮಿತಿ ಶೇ 1, ಸ್ಟ್ಯಾಂಡರ್ಡ್‌ಗೆ ಶೇ 2. ಸಣ್ಣ ಅಂಕಿಗಳೆಂದು ಅನ್ನಿಸಬಹುದು. ತೊಗಟೆ ತೆಗೆದ ಒಳ್ಳೆಯ ಮೆದುಮರದಲ್ಲಿ ಬೂದಿ ಶೇ 0.3ರಷ್ಟಿದ್ದರೆ ಒಂದು ಟನ್ ಉರಿಸಿದಾಗ 3 ಕಿಲೋ ಬೂದಿ. ಶೇ 2 ಇದ್ದರೆ 20 ಕಿಲೋ. ಆ 17 ಕಿಲೋ ವ್ಯತ್ಯಾಸವನ್ನು ಗೋರಿ ತೆಗೆಯಬೇಕಾದವರು ನೀವೇ. ಸಾಮಾನ್ಯವಾಗಿ ಗಟ್ಟಿಮರದಲ್ಲಿ ಖನಿಜಾಂಶ ಸ್ವಲ್ಪ ಹೆಚ್ಚು, ಆದರೆ ಬೂದಿಯನ್ನು ನಿಜಕ್ಕೂ ಏರಿಸುವುದು ತೊಗಟೆ, ಮತ್ತು ಮರ ಎಳೆದು ತರುವಾಗ ಅದಕ್ಕೆ ಅಂಟಿದ ಮರಳು.

ಮರಳಿನ ಸಿಲಿಕಾ ಮತ್ತು ಮರದ ಪೊಟ್ಯಾಸಿಯಂ ಸೇರಿದರೆ ಬೂದಿ ಕಡಿಮೆ ಶಾಖಕ್ಕೇ ಕರಗಿ, ತಣಿದಾಗ ಗಾಜಿನಂಥ ಗಡ್ಡೆಯಾಗುತ್ತದೆ. ಇದೇ ಕ್ಲಿಂಕರ್. ಎ1 ದರ್ಜೆಗೆ ಬೂದಿ ಮೆತ್ತಗಾಗುವ ಉಷ್ಣತೆ ಕನಿಷ್ಠ 1200 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮ ಇರುವುದು ಈ ಕಾರಣಕ್ಕೆ. ಒಂದು ಚಳಿಗಾಲ ನಾನು ತಂದ ಗಟ್ಟಿಮರದ ಪೆಲೆಟ್ ಕಂದು ಬಣ್ಣದ್ದು, ಒಡೆದು ನೋಡಿದರೆ ತೊಗಟೆಯ ಕಪ್ಪು ಚುಕ್ಕೆಗಳು. ದಿನವೂ ಬೆಳಗ್ಗೆ ಉರಿಬಟ್ಟಲಿನ ತಳದಲ್ಲಿ ಗಟ್ಟಿ ಬಿಲ್ಲೆಯೊಂದು ಕೂತಿರುತ್ತಿತ್ತು. ತೂತುಗಳು ಮುಚ್ಚುತ್ತಿದ್ದಂತೆ ಗಾಳಿ ಕಡಿಮೆ, ಗಾಳಿ ಕಡಿಮೆಯಾದಂತೆ ಗಾಜು ಕಪ್ಪು, ಶಾಖ ವಿನಿಮಯದ ಕೊಳವೆಗಳ ಮೇಲೆ ಮಸಿ, ಮಸಿಯ ಕಾರಣ ಕಾವು ಕೋಣೆಗೆ ಬರದೆ ಹೊಗೆಕೊಳವೆಯಲ್ಲೇ ಹೋಗುವುದು. ಅದೇ ಒಲೆಗೆ ಬೇರೆ ತಯಾರಕರ ಶುದ್ಧ ಓಕ್ ಪೆಲೆಟ್ ಹಾಕಿದಾಗ ಇದ್ಯಾವುದೂ ಇರಲಿಲ್ಲ. ಓಕ್ ಮರದ ಮೇಲೆ ದೂರು ಹೊರಿಸುವುದು ತಪ್ಪೆಂದು ಆಗಲೇ ನನಗೆ ಖಚಿತವಾದದ್ದು.

ಮೆದುಮರದ ಬೂದಿಗೂ ಒಂದು ಕೊರತೆಯಿದೆ, ಅದನ್ನು ಮುಚ್ಚಿಡಲಾರೆ. ಅದು ತೀರ ಹಗುರ, ಹಾರುವ ಬೂದಿ. ತಟ್ಟೆಯಲ್ಲಿ ಸ್ವಲ್ಪವೇ ಕಾಣುತ್ತದೆ, ಒಲೆ ಸ್ವಚ್ಛವಾಗಿದೆ ಎಂದು ಅನ್ನಿಸುತ್ತದೆ. ಹಿಂದಿನ ತಡೆಹಲಗೆ ಬಿಚ್ಚಿದರೆ ಅದರ ಮರೆಯ ಹಾದಿಗಳಲ್ಲಿ, ಫ್ಯಾನಿನ ರೆಕ್ಕೆಗಳ ಮೇಲೆ, ಹೊಗೆಕೊಳವೆಯ ಮೊದಲ ತಿರುವಿನಲ್ಲಿ ಮೆತ್ತನೆ ಬೂದು ಪದರ ಕೂತಿರುತ್ತದೆ. ಮೆದುಮರ ಉರಿಸುವವರು ತಟ್ಟೆ ನೋಡಿ ಶುಚಿಗೊಳಿಸುವ ದಿನ ಗೊತ್ತುಮಾಡಬಾರದು. ಉರಿಸಿದ ಚೀಲಗಳ ಲೆಕ್ಕ ಇಟ್ಟು ಗೊತ್ತುಮಾಡಬೇಕು. ಯಾವ ಬೂದಿಯಾದರೂ ಮುಚ್ಚಳದ ಲೋಹದ ಡಬ್ಬಿಗೇ ಹೋಗಲಿ. ತಣಿದಂತೆ ಕಾಣುವ ಬೂದಿಯೊಳಗೆ ಕೆಂಡ ಜೀವ ಹಿಡಿದಿರುತ್ತದೆ.

ರಾಳದ ಭಯವನ್ನು ಎಷ್ಟೋ ಜನ ಇನ್ನೂ ಬಿಟ್ಟಿಲ್ಲ. ಪೈನ್ ಉರಿಸಿದರೆ ಹೊಗೆಕೊಳವೆಯಲ್ಲಿ ಕ್ರಿಯೋಸೋಟ್, ಅಂದರೆ ಡಾಂಬರಿನಂಥ ಕಪ್ಪು ಅಂಟು, ಕಟ್ಟುತ್ತದೆ ಎಂಬ ಮಾತು ಹಸಿ ಸೌದೆಯ ಕಾಲದ್ದು. ಕ್ರಿಯೋಸೋಟ್ ಹುಟ್ಟುವುದು ಅರೆಬರೆ ಉರಿದ ಹೊಗೆ ತಣ್ಣನೆ ಕೊಳವೆಯಲ್ಲಿ ಹನಿಗಟ್ಟಿದಾಗ. ಚೆನ್ನಾಗಿ ಒಣಗಿದ ಪೆಲೆಟ್, ಫ್ಯಾನಿನ ಗಾಳಿ, ಬಿಸಿ ಉರಿಬಟ್ಟಲು ಇರುವಾಗ ರಾಳವೂ ಇಂಧನವೇ, ಪೂರ್ತಿ ಉರಿದುಹೋಗುತ್ತದೆ. ನನ್ನ ಕೊಳವೆಯಲ್ಲಿ ಮೆದುಮರದ ಚಳಿಗಾಲಗಳ ನಂತರ ಸಿಕ್ಕಿದ್ದು ಒಣ ಬೂದಿ ಮಾತ್ರ. ಗಾಳಿ ಕಡಿಮೆಯಿಟ್ಟು ಹೊಗೆಯಾಡಿಸಿದರೆ ಓಕ್ ಕೂಡ ಮಸಿ ಕಟ್ಟುತ್ತದೆ.

ಚೀಲದ ತಳದ ಪುಡಿಯನ್ನು ನಾನು ಬಹಳ ಗಂಭೀರವಾಗಿ ನೋಡುತ್ತೇನೆ. ಅಚ್ಚಿನ ಶಾಖಕ್ಕೆ ಲಿಗ್ನಿನ್ ಮೆತ್ತಗಾಗಿ ಅಂಟಿನಂತೆ ಪುಡಿಯನ್ನು ಹಿಡಿದಿಡುತ್ತದೆ, ಪೆಲೆಟ್ ಮೇಲಿನ ಹೊಳಪೂ ಅದರಿಂದಲೇ. ಗಟ್ಟಿಮರದಲ್ಲಿ ಲಿಗ್ನಿನ್ ಕಡಿಮೆಯಾದ್ದರಿಂದ ತಯಾರಿಕೆಯಲ್ಲಿ ಹೆಚ್ಚು ಕಾಳಜಿ ಬೇಕು; ಕೆಲವರು ಸ್ವಲ್ಪ ಪಿಷ್ಟ ಸೇರಿಸುತ್ತಾರೆ, ಶೇ 2ರವರೆಗೆ ಸೇರ್ಪಡೆಗೆ ಮಾನಕದಲ್ಲೇ ಅವಕಾಶವಿದೆ. ನಾನು ಬಳಸಿದ ಗಟ್ಟಿಮರದ ಚೀಲಗಳಲ್ಲಿ ಪುಡಿ ಒಟ್ಟಾರೆ ಹೆಚ್ಚೇ ಇತ್ತು. ಹಾಪರ್ ತಳದಲ್ಲಿ ಪುಡಿ ಸೇರಿ ಗಟ್ಟಿಯಾದರೆ ಪೆಲೆಟ್ ಜಾರುವುದು ನಿಲ್ಲುತ್ತದೆ, ಒಲೆ ನಡುರಾತ್ರಿ ಆರಿಹೋಗುತ್ತದೆ. ಜಾಲರಿಯಲ್ಲಿ ಸೋಸಿ ಸುರಿಯುವುದು, ಹಾಪರ್ ಆಗಾಗ ಪೂರ್ತಿ ಖಾಲಿ ಮಾಡಿ ಒರೆಸುವುದು, ಇವೆರಡೇ ಇದಕ್ಕೆ ಪರಿಹಾರ.

ವಾಸನೆಯ ಬಗ್ಗೆ ಹೇಳುವಾಗ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಹೊಸ ಪೈನ್ ಪೆಲೆಟ್‌ನಿಂದ ಒಂದು ಬಗೆಯ ಎಣ್ಣೆ ಕಮಟಿದ ವಾಸನೆ ಬರುತ್ತದೆ. ಮರದೊಳಗಿನ ಕೊಬ್ಬಿನಾಮ್ಲಗಳು ಗಾಳಿಯ ಆಮ್ಲಜನಕದೊಡನೆ ಸೇರಿದಾಗ ಆಗುವುದು ಅದು. ಆ ಕ್ರಿಯೆಯಲ್ಲೇ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕೂಡ ಹೊರಬರುತ್ತದೆ. ಗಾಳಿಯಾಡದ ದೊಡ್ಡ ಪೆಲೆಟ್ ಸಂಗ್ರಹಗಳೊಳಗೆ ಇಳಿದು ಜನ ಸತ್ತಿದ್ದಾರೆ. ಇದು ಮೆದುಮರದಲ್ಲಿ, ಅದರಲ್ಲೂ ಪೈನ್‌ನಲ್ಲಿ ಹೆಚ್ಚು, ಗಟ್ಟಿಮರದಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಹತ್ತಿಪ್ಪತ್ತು ಚೀಲ ಇಟ್ಟುಕೊಳ್ಳುವವರಿಗೆ ಗಾಳಿಯಾಡುವ ಜಾಗ ಸಾಕು. ಟನ್‌ಗಟ್ಟಲೆ ಸಡಿಲವಾಗಿ ಸುರಿಸಿಕೊಳ್ಳುವ ಮನೆಗಳಲ್ಲಿ ಮಾತ್ರ ಆ ಕೋಣೆಗೆ ಹೊರಗಿನ ಗಾಳಿಯ ದಾರಿ ಇರಲೇಬೇಕು, ಒಳಗೆ ಹೋಗುವ ಮುಂಚೆ ಬಾಗಿಲು ತೆರೆದಿಟ್ಟು ಕಾಯಬೇಕು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇಕು. ಅಲಾರಂ ಒಲೆಯಿರುವ ಕೋಣೆಗೂ ಬೇಕು, ಮರ ಯಾವುದೇ ಇರಲಿ.

ಈಗ ನನ್ನ ರೂಢಿ ಹೀಗಿದೆ: ಚಳಿಗಾಲದ ನಡುವಿನ ಕಡು ದಿನಗಳಿಗೆ ಎ1 ದರ್ಜೆಯ ಸ್ಪ್ರೂಸ್ ಅಥವಾ ಫರ್, ಆರಂಭದ ಮತ್ತು ಕೊನೆಯ ವಾರಗಳಿಗೆ ಶುದ್ಧ ಗಟ್ಟಿಮರದ್ದು. ಎರಡನ್ನೂ ಕಾರ್ಖಾನೆಯಲ್ಲೇ ಬೆರೆಸಿ ಮಾಡಿದ ಪೆಲೆಟ್ಟೂ ಚೆನ್ನಾಗಿ ಉರಿದಿದೆ, ಬೂದಿ ಕಡಿಮೆಯಿದ್ದರೆ ಅದನ್ನು ಕೊಳ್ಳಲು ನನಗೆ ಹಿಂಜರಿಕೆಯಿಲ್ಲ. ಹಾಪರ್‌ನಲ್ಲಿ ನಾನೇ ಬೆರೆಸುವುದಿಲ್ಲ; ಎರಡರ ಉದ್ದವೂ ತೂಕವೂ ಬೇರೆಯಾದ್ದರಿಂದ ಗಾಳಿಯನ್ನು ಯಾವುದಕ್ಕೆ ಹೊಂದಿಸುವುದು? ಹೊಸ ತಯಾರಕರದ್ದಾದರೆ ಟನ್ ತರಿಸುವ ಮೊದಲು ನಾಲ್ಕೈದು ಚೀಲ ತಂದು, ಒಲೆಯನ್ನು ಪೂರ್ತಿ ಶುಚಿ ಮಾಡಿ, ಗಾಳಿ ಹೊಂದಿಸಿ, ಅಷ್ಟನ್ನೂ ಉರಿಸಿ ಮುಗಿಸುತ್ತೇನೆ. ಆಮೇಲೆ ಉರಿಬಟ್ಟಲಿನ ತೂತುಗಳನ್ನು ಎಣಿಸಿ ನೋಡುತ್ತೇನೆ, ಎಲ್ಲವೂ ತೆರೆದಿದ್ದರೆ ಮಾತ್ರ ಉಳಿದದ್ದನ್ನು ತರಿಸುತ್ತೇನೆ.