ಗವಾಯಿಗಳನ್ನು ಎಲ್ಲಿ ಇಳಿಸಬೇಕು? ಹುಬ್ಬಳ್ಳಿ-ಧಾರವಾಡದ ಮೂರು ದೊಡ್ಡ ಹೋಟೆಲುಗಳ ಹೋಲಿಕೆ

ಧಾರವಾಡದ ಸಂಗೀತ ಸಭೆಯೊಂದರ ಕಾರ್ಯಕಾರಿ ಸಮಿತಿಯಲ್ಲಿರುವ ನನ್ನ ಪಾಲಿಗೆ, ಹೊರಗಿನಿಂದ ಹಾಡಲು ಬರುವ ಕಲಾವಿದರ ವಸತಿಯ ಹೊಣೆ ಬಹುಕಾಲದಿಂದ ಬಂದಿದೆ. ಅತಿಥಿಗಳಿಗಾಗಿ ಕೋಣೆ ಕಾಯ್ದಿರಿಸುವ ಮೊದಲು ಆ ಹೋಟೆಲಿನಲ್ಲಿ ನಾನೇ ಒಂದು ರಾತ್ರಿ ತಂಗಿ ನೋಡುವ ರೂಢಿಯನ್ನು ಇಟ್ಟುಕೊಂಡಿದ್ದೇನೆ. ಇದು ಸಭೆಯ ಖರ್ಚಿನಲ್ಲಲ್ಲ, ಸ್ವಂತ ಖರ್ಚಿನಲ್ಲಿ ಎಂಬುದನ್ನು ನಮ್ಮ ಖಜಾಂಚಿಯವರ ಸಮಾಧಾನಕ್ಕಾಗಿ ಇಲ್ಲಿಯೇ ಹೇಳಿಬಿಡುತ್ತೇನೆ. ಹೀಗೆ ತಂಗಿ ನೋಡಿದವುಗಳಲ್ಲಿ ಐಷಾರಾಮಿ ಎಂದು ಕರೆಸಿಕೊಳ್ಳುವ ಮೂರನ್ನು ಮಾತ್ರ ಇಲ್ಲಿ ಹೋಲಿಸುತ್ತಿದ್ದೇನೆ. ಮೊದಲನೆಯದು ಎರಡೂ ಊರುಗಳ ನಡುವಣ ರಸ್ತೆಯಲ್ಲಿ, ಉಣಕಲ್ ಕೆರೆಯ ಕಡೆಗೆ ಇದೆ. ಎರಡನೆಯದು ಹುಬ್ಬಳ್ಳಿಯಲ್ಲಿ, ವಿಮಾನ ನಿಲ್ದಾಣದತ್ತ ಹೋಗುವ ಗೋಕುಲ ರಸ್ತೆಯಲ್ಲಿದೆ. ಮೂರನೆಯದು ಧಾರವಾಡದ ಒಳಗಿದೆ. ಹೆಸರುಗಳನ್ನು ಬರೆಯುತ್ತಿಲ್ಲ, ಏಕೆಂದರೆ ಮಾಲೀಕರಲ್ಲಿ ಕೆಲವರು ನಮ್ಮ ಸಭೆಯ ದಾನಿಗಳು.

ಈ ಪ್ರಶ್ನೆ ನಮ್ಮ ಹಿರಿಯರಿಗೆ ಇರಲಿಲ್ಲ. ಆಗ ಗವಾಯಿಗಳು ಅಭಿಮಾನಿಗಳ ಮನೆಗಳಲ್ಲಿಯೇ ಇಳಿಯುತ್ತಿದ್ದರು. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಸ್ಮರಣೆಯ ಸಂಗೀತೋತ್ಸವ ನಡೆಯುವ ಕುಂದಗೋಳದ ನಾಡಿಗೇರ ವಾಡೆಯಂಥ ಮನೆಗಳಲ್ಲಿ ಹಾಡುವ ಜಾಗ, ಉಣ್ಣುವ ಜಾಗ, ಮಲಗುವ ಜಾಗ ಒಂದೇ ಸೂರಿನಡಿ ಇರುತ್ತಿದ್ದವು. ಬೆಳಗಿನ ನಾಲ್ಕಕ್ಕೆ ಯಾರಾದರೂ ತಂಬೂರಿ ಹಿಡಿದು ಕುಳಿತರೆ ಬೇಸರಪಡುವವರು ಆ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಇಂದು ಅಂಥ ಮನೆಗಳೂ ಕಡಿಮೆ, ಮನೆಯಲ್ಲಿ ಇಳಿಯಲು ಒಪ್ಪುವ ಕಲಾವಿದರೂ ಕಡಿಮೆ. ಆದರೆ ಹೋಟೆಲಿನಿಂದ ಅವರು ನಿರೀಕ್ಷಿಸುವುದು ಬಹುಮಟ್ಟಿಗೆ ಆ ಮನೆಗಳು ಕೊಡುತ್ತಿದ್ದುದನ್ನೇ: ಅಪವೇಳೆಯಲ್ಲಿ ಬಂದರೆ ಬಾಗಿಲು ತೆರೆಯಬೇಕು, ಅಪವೇಳೆಯಲ್ಲಿ ಹಸಿದರೆ ಅನ್ನ ಸಿಗಬೇಕು, ನಸುಕಿನಲ್ಲಿ ಹಾಡಿದರೆ ಯಾರೂ ತಡೆಯಬಾರದು. ತಾರೆಗಳ ಸಂಖ್ಯೆಯಿಂದ ಇದು ತಿಳಿಯುವುದಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕೊಡುವ ತಾರಾ ದರ್ಜೆ ಹೋಟೆಲಿನವರು ತಾವಾಗಿ ಅರ್ಜಿ ಹಾಕಿ ಪಡೆಯುವಂಥದು, ಐದು ವರ್ಷಗಳಿಗೆ ಸೀಮಿತವಾದುದು. ಕೋಣೆಯ ಅಳತೆ, ಲಿಫ್ಟು, ಸ್ನಾನಗೃಹ ಮುಂತಾದವನ್ನು ಅದು ಅಳೆಯುತ್ತದೆ, ನಸುಕಿನ ರಿಯಾಜನ್ನು, ಅಂದರೆ ಹಾಡಿನ ಅಭ್ಯಾಸವನ್ನು, ಅಳೆಯುವುದಿಲ್ಲ.

ಮೊದಲು ಬರುವ ಹೊತ್ತಿನ ಮಾತು. ಬೆಂಗಳೂರಿನ ಕಡೆಯಿಂದ ರಾತ್ರಿ ರೈಲಿನಲ್ಲಿ ಹೊರಟವರು ಬೆಳಗಿನ ಜಾವ ಹುಬ್ಬಳ್ಳಿಯಲ್ಲಿ ಇಳಿಯುತ್ತಾರೆ. 2023ರ ಜೂನ್‌ನಲ್ಲಿ ಆರಂಭವಾದ ಧಾರವಾಡದ ವಂದೇ ಭಾರತ್ ರೈಲಿನಲ್ಲಿ ಬರುವವರ ತಾಪತ್ರಯ ಕಡಿಮೆ, ಅವರು ಮಧ್ಯಾಹ್ನದ ಹೊತ್ತಿಗೆ ತಲುಪುವುದರಿಂದ ಕೋಣೆ ಸಿದ್ಧವಿರುತ್ತದೆ. ತೊಂದರೆಯಿರುವುದು ನಸುಕಿನಲ್ಲಿ ಬಂದು ಅದೇ ಸಂಜೆ ಹಾಡಬೇಕಾದವರಿಗೆ. ನಮ್ಮ ಊರುಗಳ ಸಾಮಾನ್ಯ ಲಾಡ್ಜುಗಳಲ್ಲಿ ಬಂದ ಗಳಿಗೆಯಿಂದ ಇಪ್ಪತ್ತನಾಲ್ಕು ತಾಸು ಎಣಿಸುವ ಪದ್ಧತಿ ಇನ್ನೂ ಇದೆ. ದೊಡ್ಡ ಹೋಟೆಲುಗಳಿಗೆ ಏರಿದೊಡನೆ ದಿನವೆಂಬುದು ಮಧ್ಯಾಹ್ನದಿಂದ ಆರಂಭವಾಗುತ್ತದೆ. ಗೋಕುಲ ರಸ್ತೆಯ ಹೋಟೆಲು ಬೆಳಿಗ್ಗೆ ಆರಕ್ಕೆ ಬಂದವರಿಗೆ ಹಿಂದಿನ ದಿನದ ಪೂರ್ತಿ ಬಾಡಿಗೆ ಹಾಕುತ್ತದೆ ಮತ್ತು ಈ ವಿಷಯದಲ್ಲಿ ವ್ಯವಸ್ಥಾಪಕರು ಅಲುಗಾಡುವುದಿಲ್ಲ. ಕೆರೆಯ ಕಡೆಯದು ಅರ್ಧ ಬಾಡಿಗೆಗೆ ಒಪ್ಪುತ್ತದೆ. ಧಾರವಾಡದ್ದರಲ್ಲಿ ಕೋಣೆ ಖಾಲಿಯಿದ್ದರೆ ಏನೂ ಕೇಳದೆ ಬೀಗದ ಕೈ ಕೊಡುತ್ತಾರೆ. ಖಾಲಿಯಿಲ್ಲದಿದ್ದರೆ ಮಾತ್ರ ಅತಿಥಿಗಳು ಕೆಳಗಿನ ಪಡಸಾಲೆಯಲ್ಲಿ ಚಹ ಕುಡಿಯುತ್ತ ಕೂರಬೇಕಾಗುತ್ತದೆ. ವಯಸ್ಸಾದವರನ್ನು ಹಾಗೆ ಕೂರಿಸುವ ಧೈರ್ಯ ನನಗಿಲ್ಲವಾದ್ದರಿಂದ ಅಲ್ಲಿಯೂ ಹಿಂದಿನ ರಾತ್ರಿಯಿಂದಲೇ ಕಾಯ್ದಿರಿಸುವುದುಂಟು.

ಇನ್ನು ಸದ್ದು. ಕೋಣೆಯೊಳಗಿನ ಸದ್ದು ಹೊರಗೆ ಎಷ್ಟು ಹೋಗುತ್ತದೆ, ಹೊರಗಿನದು ಒಳಗೆ ಎಷ್ಟು ಬರುತ್ತದೆ, ಹಾಡಿದ ದನಿ ಕೋಣೆಯೊಳಗೆ ಹಾಡುವವರಿಗೇ ಹೇಗೆ ಕೇಳಿಸುತ್ತದೆ ಎಂಬ ಮೂರೂ ಬೇರೆ ಬೇರೆ ಸಂಗತಿಗಳು. ನಾನು ತಂಬೂರಿ ಒಯ್ದು, ಬಾಗಿಲು ಹಾಕಿ, ಷಡ್ಜ ಹಿಡಿದು ಕೂರುತ್ತೇನೆ. ಜೊತೆಗೆ ಬಂದ ಸ್ನೇಹಿತರು ಹೊರಗಿನ ಓಣಿಯಲ್ಲಿ ಅಡ್ಡಾಡುತ್ತ ಕಿವಿಗೊಡುತ್ತಾರೆ. ಗೋಕುಲ ರಸ್ತೆಯಲ್ಲಿ ಅವರಿಗೆ ಎರಡು ಬಾಗಿಲುಗಳಾಚೆ ಏನೂ ಕೇಳಿಸಲಿಲ್ಲ. ದಪ್ಪ ಕಾರ್ಪೆಟ್ಟು, ಎರಡು ಪದರದ ಪರದೆ, ಎರಡು ಪದರ ಗಾಜಿನ ಕಿಟಕಿ ಎಲ್ಲವೂ ಅಲ್ಲಿವೆ. ಆದರೆ ಅದೇ ಕಾರ್ಪೆಟ್ಟು ಮತ್ತು ಪರದೆಗಳು ತಂಬೂರಿಯ ಝೇಂಕಾರವನ್ನೂ ನುಂಗಿಬಿಡುತ್ತವೆ. ಜವಾರಿ, ಅಂದರೆ ತಂತಿಗಳ ಝೇಂಕಾರದ ಹದ, ತೆರೆದುಕೊಂಡಿದೆಯೋ ಇಲ್ಲವೋ ಎಂಬುದೇ ತಿಳಿಯದಷ್ಟು ಕೋಣೆ ಮೊಂಡಾಗಿದೆ. ನಮ್ಮಲ್ಲಿಗೆ ಬಂದ ಹಿರಿಯ ಗಾಯಕಿಯೊಬ್ಬರು ಅಲ್ಲಿ ಹತ್ತು ನಿಮಿಷ ಹಾಡಿ, ಕೊನೆಗೆ ಸ್ನಾನಗೃಹದ ಬಾಗಿಲು ತೆರೆದಿಟ್ಟು ಅದರ ಎದುರಿಗೆ ಕುಳಿತು ರಿಯಾಜು ಮುಗಿಸಿದರು.

ಕೆರೆಯ ಕಡೆಯ ಹೋಟೆಲಿನಲ್ಲಿ ನೆಲ ನುಣುಪು ಕಲ್ಲಿನದು, ಚಾವಣಿ ಎತ್ತರ. ದನಿ ತುಂಬಿಕೊಂಡು ಕೇಳಿಸುತ್ತದೆ, ಹಾಡುವವರು ಸುಖಪಡುತ್ತಾರೆ, ಪಕ್ಕದ ಕೋಣೆಯವರು ಪಡುವುದಿಲ್ಲ. ಅಲ್ಲಿ ನಸುಕಿನಲ್ಲಿ ಸ್ವಾಗತಕಟ್ಟೆಯಿಂದ ಕರೆ ಬಂತು. ಮಾತು ವಿನಯದ್ದೇ ಆಗಿತ್ತು, ಅರ್ಥ ಮಾತ್ರ ನಿಲ್ಲಿಸಿ ಎಂಬುದೇ. ಧಾರವಾಡದ ಹೋಟೆಲು ಇವೆರಡಕ್ಕಿಂತ ಹಳೆಯ ಕಟ್ಟಡ. ಗೋಡೆಗಳು ದಪ್ಪ, ನೆಲಕ್ಕೆ ಜಮಖಾನೆ ಮಾತ್ರ, ಕಿಟಕಿಗಳು ಮರದವು ಮತ್ತು ಅವು ತೆರೆಯುತ್ತವೆ. ಈ ಕೊನೆಯ ಅಂಶವನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ಉಳಿದೆರಡರಲ್ಲಿ ಕಿಟಕಿ ತೆರೆಯುವುದಿಲ್ಲ, ಗಾಳಿಯೆಲ್ಲ ಎಸಿಯದೇ. ಗೋಕುಲ ರಸ್ತೆಯದಂತೂ ಕೇಂದ್ರೀಯ ವ್ಯವಸ್ಥೆಯಾಗಿದ್ದು, ಕೋಣೆಯ ಗುಂಡಿಯಿಂದ ಅದನ್ನು ಕಡಿಮೆ ಮಾಡಬಹುದೇ ಹೊರತು ಪೂರ್ತಿ ನಿಲ್ಲಿಸಲಾಗುವುದಿಲ್ಲ. ರಾತ್ರಿಯಿಡೀ ಆ ಒಣ ತಂಪಿನಲ್ಲಿ ಮಲಗಿದ ಗಂಟಲು ಬೆಳಿಗ್ಗೆ ಕೆಳಗಿನ ಸ್ಥಾಯಿಯಾದ ಮಂದ್ರಕ್ಕೆ ಇಳಿಯಲು ಹಟ ಹಿಡಿಯುತ್ತದೆ. ತಬಲಾದ ಪಾಡೂ ಅದೇ: ಎಸಿಯಲ್ಲಿ ಬಿಗಿದು ಶ್ರುತಿಗೂಡಿಸಿದ ಪುಡಿ (ಚರ್ಮದ ಮುಚ್ಚಿಗೆ), ಮಳೆಗಾಲದ ಸಂಜೆ ಸಭಾಂಗಣಕ್ಕೆ ಬರುವಷ್ಟರಲ್ಲಿ ಸಡಿಲಾಗಿ, ಸುತ್ತಿಗೆ ಹಿಡಿದು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ವಾದ್ಯಗಳನ್ನು ಸಿಬ್ಬಂದಿ ಹೇಗೆ ಎತ್ತುತ್ತಾರೆ ಎಂಬುದನ್ನು ನಾನು ಬಾಗಿಲಲ್ಲಿಯೇ ನಿಂತು ನೋಡುತ್ತೇನೆ. ಒಂದೆಡೆ, ಸಮವಸ್ತ್ರದ ಹುಡುಗನೊಬ್ಬ ಮಿರಜದ ತಂಬೂರಿಯನ್ನು ದಂಡಿ ಹಿಡಿದು ಎತ್ತಿ, ಸೂಟ್‌ಕೇಸುಗಳಿದ್ದ ಗಾಡಿಯ ಮೇಲೆ ಬುರುಡೆ ಕೆಳಗಾಗಿ ಇಟ್ಟು, ಅದರ ಮೇಲೊಂದು ಚೀಲ ಇಡಲು ಹೊರಟಿದ್ದ. ತಂಬೂರಿಯ ಯಜಮಾನರ ಮುಖದ ಬಣ್ಣ ಹೋದದ್ದು ನನಗೆ ಈಗಲೂ ಕಾಣುತ್ತದೆ. ಧಾರವಾಡದಲ್ಲಿ ಹುಡುಗ ಮೊದಲು ಕೈ ಒರೆಸಿಕೊಂಡು, "ಇದನ್ನ ಹೆಂಗ ಹಿಡೀಬೇಕ್ರೀ ಸರ?" ಎಂದು ಕೇಳಿದ. ಹೇಳಿಕೊಟ್ಟ ಮೇಲೆ ಒಂದು ಕೈಯನ್ನು ಬುರುಡೆಯ ಕೆಳಗೆ ಕೊಟ್ಟು, ಕೂಸನ್ನು ಎತ್ತಿಕೊಂಡವರ ಹಾಗೆ ಎದೆಗಾನಿಸಿಕೊಂಡು, ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿಯೇ ಒಯ್ದ. ಲಿಫ್ಟು ಅಲ್ಲಿ ಚಿಕ್ಕದು ಎಂಬುದನ್ನೂ ಹೇಳಬೇಕು. ಮೊಣಕಾಲು ನೋವಿನವರು ಬಂದರೆ ಕೆಳಗಿನ ಅಂತಸ್ತಿನ ಕೋಣೆಯನ್ನೇ ಕೇಳಿ ಪಡೆಯಬೇಕು, ಸ್ನಾನಗೃಹಕ್ಕೆ ಇಳಿಯುವ ಒಂದು ಮೆಟ್ಟಿಲನ್ನು ಅವರಿಗೆ ಮೊದಲೇ ತೋರಿಸಬೇಕು. ಈ ಒಂದು ವಿಷಯದಲ್ಲಿ ಗೋಕುಲ ರಸ್ತೆಯ ಹೋಟೆಲಿಗೆ ಸಾಟಿಯಿಲ್ಲ: ಹೊಸ್ತಿಲುಗಳೇ ಇಲ್ಲ, ಸ್ನಾನಗೃಹದಲ್ಲಿ ಹಿಡಿದುಕೊಳ್ಳಲು ಸರಳುಗಳಿವೆ, ನೆಲ ಜಾರುವುದಿಲ್ಲ.

ನೀರಿನ ಬಗ್ಗೆ ಹುಬ್ಬಳ್ಳಿ-ಧಾರವಾಡದವರಿಗೆ ವಿವರಿಸಬೇಕಾಗಿಲ್ಲ. ಮಲಪ್ರಭೆಯ ನೀರು ಸವದತ್ತಿಯಿಂದ ಬರುತ್ತದೆ, ಎಲ್ಲ ಓಣಿಗಳಿಗೂ ದಿನವೂ ಬರುವುದಿಲ್ಲ. ಮೂರೂ ಹೋಟೆಲುಗಳಲ್ಲಿ ನಲ್ಲಿ ಎಂದೂ ನಿಲ್ಲಲಿಲ್ಲ. ಟ್ಯಾಂಕರು, ಕೊಳವೆಬಾವಿಗಳ ಏರ್ಪಾಡು ಅವರದು. ವ್ಯತ್ಯಾಸವಿರುವುದು ಬಿಸಿನೀರಿನಲ್ಲಿ. ಕೆರೆಯ ಕಡೆಯದರಲ್ಲಿ ಸೌರಶಾಖದ ನೀರು ಮಾತ್ರ ಇದ್ದು, ಮೋಡದ ದಿನಗಳಲ್ಲಿ ನಸುಕಿಗೆ ಉಗುರುಬೆಚ್ಚಗೂ ಬರಲಿಲ್ಲ.

ಊಟದ ವಿಚಾರದಲ್ಲಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ ಕಲಾವಿದರು ಊರು ಬಿಟ್ಟು ಹೋದ ಮೇಲೂ ನೆನಪಿಟ್ಟುಕೊಂಡು ಹೇಳುವುದು ಇದನ್ನೇ. ಹಾಡುವವರು ಕಾರ್ಯಕ್ರಮಕ್ಕೆ ಮೊದಲು ಹೊಟ್ಟೆತುಂಬ ಉಣ್ಣುವುದಿಲ್ಲ. ಕಛೇರಿಯ ಕೊನೆಗೆ ಹಾಡುವ ಭೈರವಿ ಮುಗಿದು, ಹಾರ-ಶಾಲು ಮುಗಿದು, ಪರಿಚಯದವರ ಮಾತು ಮುಗಿದು ಹೋಟೆಲು ತಲುಪುವಾಗ ರಾತ್ರಿ ಹನ್ನೊಂದೂವರೆ ದಾಟಿರುತ್ತದೆ. ಗೋಕುಲ ರಸ್ತೆಯಲ್ಲಿ ಇಪ್ಪತ್ತನಾಲ್ಕು ತಾಸೂ ಕೋಣೆಗೆ ಊಟ ತರುತ್ತಾರೆ ಎಂಬುದು ನಿಜ, ಆದರೆ ಹನ್ನೊಂದರ ನಂತರದ ಪಟ್ಟಿ ಬೇರೆ. ಅದರಲ್ಲಿ ಸ್ಯಾಂಡ್‌ವಿಚ್ಚು, ಪಾಸ್ತಾ, ಹೆಚ್ಚೆಂದರೆ ಖಿಚಡಿ ಇರುತ್ತವೆ. ಕೆರೆಯ ಕಡೆಯದರಲ್ಲಿ ಹತ್ತೂಮುಕ್ಕಾಲಿಗೆ ಒಲೆ ಆರುತ್ತದೆ, ಮೊದಲೇ ಹೇಳಿಟ್ಟರೆ ಊಟವನ್ನು ಡಬ್ಬಿಯಲ್ಲಿ ತೆಗೆದಿಡುತ್ತಾರೆ. ಅಲ್ಲಿನ ಉತ್ತರ ಕರ್ನಾಟಕದ ಊಟಕ್ಕೆ ಹೆಸರಿದೆ. ಮಧ್ಯಾಹ್ನ ಉಂಡರೆ ಎಣ್ಣೆಗಾಯಿಯಲ್ಲಿ ಗುರೆಳ್ಳಿನ ಪುಡಿಯ ರುಚಿ ಸರಿಯಾಗಿಯೇ ಇರುತ್ತದೆ, ರೊಟ್ಟಿ ಮಾತ್ರ ಖಡಕ್ಕಾಗಿಯೇ ಬರುತ್ತದೆ. ಧಾರವಾಡದಲ್ಲಿ ನಾವು ಮರಳುವುದು ತಡವಾದ ರಾತ್ರಿಯೂ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಬಿಸಿ ರೊಟ್ಟಿ, ಝುಣಕ, ಮೊಸರು, ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ: ಇಷ್ಟೇ ಇತ್ತು. ಪುಣೆಯಿಂದ ಬಂದಿದ್ದ ಹಾರ್ಮೋನಿಯಂ ವಾದಕರು ಮಾತಿಲ್ಲದೆ ನಾಲ್ಕು ರೊಟ್ಟಿ ಮುಗಿಸಿದರು. ಬೆಳಗಿನ ಉಪಾಹಾರದಲ್ಲಿ ಗೋಕುಲ ರಸ್ತೆಯದೇ ಶ್ರೀಮಂತ. ಆದರೆ ಹಣ್ಣಿನ ರಸಗಳ ಹತ್ತು ಜಾಡಿಗಳ ಮುಂದೆ ನಿಂತ ಗಾಯಕರು ಕೇಳುವುದು ಬಿಸಿನೀರನ್ನು.

ಹಣದ ಲೆಕ್ಕಕ್ಕೆ ಬಂದರೆ, ಮೂರೂ ಕಡೆಯ ಸಾಧಾರಣ ಕೋಣೆಗಳ ದಿನಬಾಡಿಗೆ 7500 ರೂಪಾಯಿಯ ಒಳಗಿದೆ, ಗೋಕುಲ ರಸ್ತೆಯ ಸೂಟ್ ಮಾತ್ರ ಅದನ್ನು ದಾಟುತ್ತದೆ. ಈ ಗೆರೆ ಮುಖ್ಯ. 2025ರ ಸೆಪ್ಟೆಂಬರ್ 22ರಿಂದ 7500ರವರೆಗಿನ ಬಾಡಿಗೆಗೆ ಜಿಎಸ್‌ಟಿ ಶೇಕಡಾ 5ಕ್ಕೆ ಇಳಿದಿದೆ, ಅದರ ಮೇಲಿನದಕ್ಕೆ ಶೇಕಡಾ 18 ಹಾಗೆಯೇ ಉಳಿದಿದೆ. ಆದ್ದರಿಂದ 7500ರ ಕೋಣೆಗೆ ಒಟ್ಟು 7875 ರೂಪಾಯಿ ಆದರೆ, 7600ರದಕ್ಕೆ 8968 ಆಗುತ್ತದೆ. ನೂರು ರೂಪಾಯಿಯ ಹೆಚ್ಚಳಕ್ಕೆ ಸಾವಿರಕ್ಕಿಂತ ಹೆಚ್ಚು ತೆರಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಹಿಂದಿನ ಹಣಕಾಸು ವರ್ಷದಲ್ಲಿ ಯಾವುದಾದರೂ ಒಂದು ಕೋಣೆಗೆ 7500ಕ್ಕಿಂತ ಹೆಚ್ಚು ಬಾಡಿಗೆ ಪಡೆದಿದ್ದರೂ ಸಾಕು, ಆ ಹೋಟೆಲಿನೊಳಗಿನ ಊಟಕ್ಕೆ ಶೇಕಡಾ 5ರ ಬದಲು 18 ತೆರಿಗೆ ಬೀಳುತ್ತದೆ. ಮೇಲಿನ ಸೂಟಿನಲ್ಲಿ ಯಾರೋ ಮಲಗಿದ್ದಕ್ಕೆ ಕೆಳಗೆ ನಾವು ತಿನ್ನುವ ದೋಸೆ ದುಬಾರಿಯಾಗುವುದು ಹೀಗೆ. ಸೇವಾ ಶುಲ್ಕದ ಸಾಲೊಂದು ಬಿಲ್ಲಿನಲ್ಲಿ ತಾನಾಗಿ ಸೇರಿದ್ದರೆ ತೆಗೆಸಬಹುದು. ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಅದನ್ನು ನಿಷೇಧಿಸಿದೆ, ದೆಹಲಿ ಹೈಕೋರ್ಟು 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಮುಖ್ಯ ಗಾಯಕರಿಗೆ ಸೂಟ್ ಕೊಟ್ಟು, ತಬಲಾ-ಹಾರ್ಮೋನಿಯಂನವರನ್ನು ನಿಲ್ದಾಣದ ಬಳಿಯ ಲಾಡ್ಜಿಗೆ ಕಳಿಸುವ ಸಭೆಗಳಿವೆ. ಅದೇ ಹಣದಲ್ಲಿ ಎಲ್ಲರಿಗೂ ಧಾರವಾಡದಲ್ಲಿ ಸಮನಾದ ಕೋಣೆಗಳು ಸಿಗುತ್ತವೆ ಎಂಬುದನ್ನು ನಮ್ಮ ಸಮಿತಿ ಒಪ್ಪಿಕೊಂಡಿದೆ, ಸ್ವಲ್ಪ ವಾದದ ನಂತರ.

ದೂರದ ಪ್ರಶ್ನೆ ಕಾರ್ಯಕ್ರಮ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಹುಬ್ಬಳ್ಳಿ ದೇಶಪಾಂಡೆ ನಗರದ ಸವಾಯಿ ಗಂಧರ್ವ ಸಭಾಂಗಣಕ್ಕೆ ಗೋಕುಲ ರಸ್ತೆ ಅನುಕೂಲ. ಧಾರವಾಡದ ಸೃಜನಾ ರಂಗಮಂದಿರಕ್ಕೆ ಅಲ್ಲಿಂದ ಹೊರಟರೆ ಇಪ್ಪತ್ತು ಕಿಲೋಮೀಟರು ದಾರಿ. ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿಗೆ ಪ್ರತ್ಯೇಕ ಪಥವಿದ್ದು ಅದು ಬೇಗ ತಲುಪುತ್ತದೆ, ಆದರೆ ಎರಡು ತಂಬೂರಿಗಳನ್ನು ಹಿಡಿದು ಅದನ್ನು ಹತ್ತುವಂತಿಲ್ಲ. ವಿಮಾನದಲ್ಲಿ ಬಂದು ಮರುದಿನ ಬೆಳಿಗ್ಗೆ ವಿಮಾನದಲ್ಲಿಯೇ ಮರಳುವವರಿಗೆ, ಹಾಗೂ ವಿದೇಶದ ಶಿಷ್ಯರನ್ನು ಕರೆತರುವವರಿಗೆ ನಾನು ಗೋಕುಲ ರಸ್ತೆಯದನ್ನೇ ಹೇಳುತ್ತೇನೆ. ವಿದೇಶಿಯರು ತಂಗಿದರೆ ಇಪ್ಪತ್ತನಾಲ್ಕು ತಾಸಿನೊಳಗೆ ಸಲ್ಲಿಸಬೇಕಾದ ಮಾಹಿತಿಯ ಕೆಲಸವನ್ನು ಅಲ್ಲಿನವರು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಹಿರಿಯ ಗಾಯಕರಿಗೆ, ಎರಡು ದಿನ ಇರುವವರಿಗೆ ಧಾರವಾಡದ್ದು.

ಕೆರೆಯ ಕಡೆಯದನ್ನು ನಾನು ಪಟ್ಟಿಯಿಂದ ತೆಗೆದಿಲ್ಲ. ಕುಟುಂಬ ಸಮೇತ ಬಂದವರಿಗೆ ಅಲ್ಲಿನ ಹುಲ್ಲುಹಾಸು, ಸಂಜೆಯ ಕೆರೆ, ನಡೆದು ಹೋಗಬಹುದಾದ ಚಂದ್ರಮೌಳೇಶ್ವರ ದೇವಾಲಯ ಎಲ್ಲವೂ ಇಷ್ಟವಾಗುತ್ತವೆ. ಅಲ್ಲಿ ಕಾಯ್ದಿರಿಸುವ ಮೊದಲು ಆ ದಿನ ಹುಲ್ಲುಹಾಸಿನ ಮೇಲೆ ಮದುವೆಯ ಆರತಕ್ಷತೆ ಇದೆಯೇ ಎಂದು ಕೇಳಬೇಕು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಬಳಸಬಾರದೆಂಬ ನಿಯಮ 2000ದಿಂದಲೂ ಇದೆ. ಲಗ್ನದ ತಿಂಗಳುಗಳಲ್ಲಿ ಆ ಹತ್ತು ಗಂಟೆ ಬಹಳ ನಿಧಾನವಾಗಿ ಬರುತ್ತದೆ. ಆರತಕ್ಷತೆ ಇದ್ದರೆ ಹಿಂಬದಿಯ, ಮೂರನೆಯ ಅಂತಸ್ತಿನ ಕೋಣೆಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಫೋನಿನಲ್ಲಿ ಹೇಳಿದ್ದು ಅಲ್ಲಿನ ರಾತ್ರಿ ಪಾಳಿಯವರಿಗೆ ತಲುಪುವುದಿಲ್ಲ.