‘ಇಲ್ಲಿಯ ಅನುಭವ’ ಕೊಡಿಸುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ

ಬೇರೆ ದೇಶಕ್ಕೆ ಬಂದು ಕೆಲಸ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯಲು ನಾಚಿಕೆಯಾಗುತ್ತಿದೆ, ಏಕೆಂದರೆ ಹನ್ನೊಂದು ವರ್ಷ ಬೇರೆಯವರ ಲೆಕ್ಕಪತ್ರಗಳಲ್ಲಿ ತಪ್ಪು ಹುಡುಕಿ ಸಂಬಳ ಪಡೆದ ನಾನು, ನನ್ನದೇ ರಸೀದಿಯನ್ನು ಓದದೆ ಜೇಬಿಗಿಳಿಸಿದೆ.

ನನ್ನ ಪದವಿಯ ಮಾನ್ಯತೆಯ ಅರ್ಜಿ ಇನ್ನೂ ಇತ್ಯರ್ಥವಾಗಿರಲಿಲ್ಲ, ಹೋದಲ್ಲೆಲ್ಲ ‘ನಿಮಗೆ ಇಲ್ಲಿಯ ಅನುಭವವಿಲ್ಲ’ ಎಂಬ ಮಾತೇ ಕೇಳಿಸುತ್ತಿತ್ತು. ಆಗ ಫೋನ್ ಮಾಡಿದ ಏಜೆಂಟ್ (ನಮ್ಮ ಭಾಷೆಯವನೇ, ಅದಕ್ಕೇ ನಂಬಿದೆ) ಒಂದು ಕಚೇರಿಯಲ್ಲಿ ಮೂರು ತಿಂಗಳು ಸಂಬಳವಿಲ್ಲದೆ ದುಡಿದರೆ ಅನುಭವ ಪತ್ರ ಸಿಗುತ್ತದೆ, ಆಮೇಲೆ ಕೆಲಸ ಖಚಿತ ಎಂದ. ಎರಡು ತಿಂಗಳ ಬಾಡಿಗೆಯಷ್ಟು ಹಣವನ್ನು ಮುಂಗಡವಾಗಿ ಕೊಟ್ಟೆ. ಮೂರು ತಿಂಗಳು ಆ ಕಚೇರಿಯ ಲೆಕ್ಕವನ್ನೆಲ್ಲ ನಾನೇ ಬರೆದೆ, ಬಿಡಿಗಾಸೂ ಪಡೆಯದೆ ಬರೆದೆ.

ಕೊನೆಯ ದಿನ ಕೊಟ್ಟ ಲಕೋಟೆಯನ್ನು ಒಡೆಯದೆ ಮರುದಿನ ಇನ್ನೊಂದು ಕಡೆಯ ಸಂದರ್ಶನಕ್ಕೆ ಒಯ್ದೆ. ಸಂದರ್ಶಕಿ ಅದನ್ನು ಬಿಡಿಸಿ, ‘ಸ್ವಯಂಸೇವಕರಾಗಿ ಕಡತಗಳನ್ನು ಜೋಡಿಸಲು ನೆರವಾದರು’ ಎಂದು ನನಗೇ ಓದಿ ಹೇಳಿ, ‘ಇದರಲ್ಲಿ ಲೆಕ್ಕದ ಕೆಲಸ ಎಲ್ಲಿದೆ?’ ಎಂದು ಮೃದುವಾಗಿಯೇ ಕೇಳಿದರು. ಅವರು ಗದರಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಕಡತ ಜೋಡಿಸುವವನು! ಮೂರು ತಿಂಗಳು!

ಏಜೆಂಟನಿಗೆ ಫೋನ್ ಮಾಡಿದರೆ, ‘ಸರ್, ಕೆಲಸ ಕೊಡಿಸುತ್ತೇವೆಂದು ಎಲ್ಲಿ ಬರೆದುಕೊಟ್ಟಿದ್ದೇವೆ? ರಸೀದಿ ನೋಡಿ’ ಎಂದ. ನೋಡಿದೆ. ಅದರಲ್ಲಿ ‘ಭಾಷಾ ತರಬೇತಿ ಶುಲ್ಕ’ ಎಂದಿತ್ತು. ನಾನು ಒಂದು ದಿನವೂ ಯಾವ ತರಗತಿಗೂ ಹೋಗಿಲ್ಲವಲ್ಲ ಎಂದದ್ದಕ್ಕೆ ಆತ ಕೊಟ್ಟ ಉತ್ತರ: ‘ನಿಮ್ಮ ಗೈರುಹಾಜರಿಗೆ ನಾವು ಹೊಣೆಯಲ್ಲ, ಹಣ ವಾಪಸಿಲ್ಲ.’

ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಶುಲ್ಕ ವಸೂಲು ಮಾಡಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೆಯ ಒಡಂಬಡಿಕೆಯ 7ನೆಯ ವಿಧಿ ಹೇಳುತ್ತದೆ ಎಂಬುದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಅದಕ್ಕೆ ವಿನಾಯಿತಿಗಳೂ ಇವೆ, ಒಪ್ಪಿ ಸಹಿ ಹಾಕದ ದೇಶಗಳೂ ಇವೆ, ಆದ್ದರಿಂದ ನೀವಿರುವ ದೇಶದ ಕಾನೂನನ್ನೇ ಮೊದಲು ವಿಚಾರಿಸಿ. ಕೆಲಸ ಸಿಗಲೆಂದು ತೆತ್ತ ಹಣವನ್ನು ಯಾವ ರೀತಿಯಲ್ಲಿ, ಯಾವಾಗ, ಎಲ್ಲಿ ಪಡೆದರೂ ಅದು ನೇಮಕಾತಿ ಶುಲ್ಕವೇ ಎಂದು ಅದೇ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವ್ಯಾಖ್ಯೆಯಲ್ಲಿದೆ. ನನ್ನ ರಸೀದಿಯಲ್ಲಿ ಮಾತ್ರ ಅದು ‘ಭಾಷಾ ತರಬೇತಿ’ಯಂತೆ!

ಹಣ ಕೊಡುವ ಮೊದಲು ರಸೀದಿಯ ಒಕ್ಕಣೆ ಓದಿ. ಮಾಡಲಿರುವ ಕೆಲಸದ ಹೆಸರನ್ನು ಮೊದಲ ದಿನವೇ ಬರೆಸಿಕೊಳ್ಳಿ. ನಮ್ಮವನೆಂಬ ಕಾರಣಕ್ಕೆ ಯಾರನ್ನೂ ನಂಬಬೇಡಿ.

ನಿನ್ನೆ ಆತನಿಂದಲೇ ಸಂದೇಶ ಬಂದಿದೆ: ‘ಸರ್, ಹೊಸ ತಂಡ ಶುರುವಾಗುತ್ತಿದೆ, ಪರಿಚಯದವರಿದ್ದರೆ ತಿಳಿಸಿ, ಕಮಿಷನ್ ಕೊಡುತ್ತೇವೆ.’ ಅದಕ್ಕೇ ತಿಳಿಸುತ್ತಿದ್ದೇನೆ.